ಸೀಸದ ಚಂಚಿ ಸೋರಿದರೆ, ತೇಲಿದರೆ, ಸಿಕ್ಕಿಕೊಂಡರೆ

ಕಲಬುರಗಿಯಲ್ಲಿ ಕೂತು ಸ್ಕೂಬಾ ಡೈವಿಂಗಿಗೆ ತೂಕದ ಚೀಲ ಹೊಲಿಸುತ್ತೇನೆ ಅಂದರೆ ನಗುವವರೇ ಹೆಚ್ಚು. ಆಟೋ ಸೀಟ್ ಹೊಲಿಯುವ ಕಾಕಾ ಮೊದಲ ದಿನ ಕೇಳಿದ್ದೂ ಅದನ್ನೇ: “ಸಮುದ್ರ ಎಲ್ಲದ್ರೀ ಇಲ್ಲಿ? ಇಷ್ಟು ಭಾರ ಕಟ್ಕೊಂಡು ಭೀಮಾ ನದ್ಯಾಗ ಇಳೀತೀರೇನು?” ಭೀಮೆಗೆ ಇಳಿಯುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ರಾತ್ರಿಯಿಡೀ ಪ್ರಯಾಣ ಮಾಡಿ ಮುರುಡೇಶ್ವರ ಮುಟ್ಟಿ, ನೇತ್ರಾಣಿ ದ್ವೀಪದ ಹತ್ತಿರ ಮುಳುಗುತ್ತೇವೆ. ಅಲ್ಲಿ ಮೈ ತೇಲದೆ ಮುಳುಗಲಿ ಅಂತ ಬೆಲ್ಟಿಗೆ ಪೋಣಿಸಿ ಕೊಡುವ ಸೀಸದ ಗಟ್ಟಿಗಳು ನನ್ನಂಥ ಒಣಕಲು ಮನುಷ್ಯನ ಸೊಂಟದ ಎಲುಬಿಗೆ ಒತ್ತಿ ಮೂರು ದಿನ ನೋವು. ಆ ನೋವಿನಿಂದ ಶುರುವಾದದ್ದು ಈ ಉದ್ಯೋಗ.

ಮೆತ್ತನೆ ತೂಕದಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಎರಡು ಮೂರು ಮಿಲಿಮೀಟರಿನ ಸೀಸದ ಗುಂಡುಗಳನ್ನು ಗಟ್ಟಿ ನೈಲಾನ್ ಚೀಲದಲ್ಲಿ ತುಂಬಿ ಬಾಯಿ ಹೊಲಿದರೆ ಮುಗಿಯಿತು. ಮೈಯ ಆಕಾರಕ್ಕೆ ಬಾಗುತ್ತದೆ, ಒತ್ತುವುದಿಲ್ಲ. 1 ಕೆ.ಜಿ.ಯ ಚೀಲ ಎಲೆ ಅಡಿಕೆಯ ಚಂಚಿಯಷ್ಟೇ ಇರುವುದರಿಂದ ನಮ್ಮ ಗುಂಪಿನಲ್ಲಿ ಅದಕ್ಕೆ ಚಂಚಿ ಅಂತಲೇ ಹೆಸರು ಬಿತ್ತು. ಹೊಲಿಯುವುದು ಒಂದು ಮಧ್ಯಾಹ್ನದ ಕೆಲಸ. ಕೆಟ್ಟಾಗ ಯಾಕೆ ಕೆಟ್ಟಿತು ಅಂತ ಹುಡುಕುವುದೇ ತಲೆಬೇನೆ. ಒಂದೇ ಲಕ್ಷಣಕ್ಕೆ ಮೂರು ಕಾರಣ ಇರುತ್ತವೆ, ಕೆಲವು ಸಲ ತಪ್ಪು ಚಂಚಿಯದ್ದೇ ಆಗಿರುವುದಿಲ್ಲ.

ಬಿಚ್ಚುವ ಮುನ್ನ

ಸೀಸ ವಿಷ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಮಾಡುವ ಕೇಡನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ, ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೂ ಇಲ್ಲ. ಆದ್ದರಿಂದ ಚಂಚಿ ಬಿಚ್ಚುವ, ತುಂಬುವ ಕೆಲಸ ಅಡಿಗೆಮನೆಯಲ್ಲಿ ಬೇಡ, ಮಕ್ಕಳು ಅಂಬೆಗಾಲಿಡುವ ಜಾಗದಲ್ಲಂತೂ ಬೇಡವೇ ಬೇಡ. ಬಸುರಿಯರು ಹತ್ತಿರ ಬರಬಾರದು. ಕೈಗೆ ಗ್ಲೌಸ್ ಇರಲಿ. ಕೆಳಗೆ ಹಳೆಯ ತಾಡಪತ್ರಿ ಹಾಸಿ, ಉದುರಿದ್ದನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಗುಡಿಸಿದರೆ ಪುಡಿ ಗಾಳಿಗೆ ಏಳುತ್ತದೆ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಸವರಿದರೆ ಸೀಸ ಕೈಬಿಟ್ಟು ಹೋಗುವುದಿಲ್ಲ. ನಡುವೆ ಎಲೆ ಅಡಿಕೆ, ಗುಟ್ಕಾ ಬಾಯಿಗೆ ಹಾಕುವ ಚಟ ಇದ್ದವರು ಆ ಒಂದು ತಾಸು ತಡೆದುಕೊಳ್ಳಿ. ಆ ಚಂಚಿ ಬೇರೆ, ಈ ಚಂಚಿ ಬೇರೆ.

ಗುಜರಿ ಸೀಸ ತಂದು ಕರಗಿಸಿ ನಾನೇ ಗುಂಡು ಮಾಡುತ್ತೇನೆ ಎನ್ನುವವರೂ ಇದ್ದಾರೆ. 327 ಡಿಗ್ರಿಗೆ ಸೀಸ ಕರಗುತ್ತದೆ, ಮನೆ ಒಲೆಗೂ ಆ ಶಾಖ ಇದೆ. ಅದಕ್ಕೇ ಅದು ಅಪಾಯ. ಹೊಗೆ ಕುಡಿದು ಉಳಿಸುವ ಹಣ ಯಾರಿಗೂ ಬೇಡ. ಸಿದ್ಧ ಗುಂಡನ್ನೇ ತನ್ನಿ.

ಎರಡು ಸಲ ತೂಗಿ

ಯಾವ ದೂರು ಬಂದರೂ ನಾನು ಮೊದಲು ಮಾಡುವುದು ಇದೊಂದೇ: ಚಂಚಿಯನ್ನು ಒಮ್ಮೆ ಗಾಳಿಯಲ್ಲಿ, ಒಮ್ಮೆ ನೀರಿನಲ್ಲಿ ತೂಗುವುದು. ಲಗೇಜ್ ತೂಗುವ, ಕೊಕ್ಕೆ ಇರುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. 10 ಗ್ರಾಮಿನವರೆಗೆ ತೋರಿಸಬೇಕು. ಅಂಗಡಿಯ 1 ಕೆ.ಜಿ. ಉಪ್ಪಿನ ಪಾಕೀಟು ನೇತುಹಾಕಿ ತಕ್ಕಡಿ ನೆಟ್ಟಗಿದೆಯೇ ನೋಡಿಕೊಳ್ಳಿ. ಬಕೆಟ್ ತುಂಬ ಸಿಹಿನೀರು, ಬಕೆಟ್ಟಿನ ಮೇಲೆ ಅಡ್ಡ ಒಂದು ಕೋಲು, ಕೋಲಿಗೆ ತಕ್ಕಡಿ, ತಕ್ಕಡಿಗೆ ದಾರದಿಂದ ಚಂಚಿ. ಚಂಚಿ ಪೂರ್ತಿ ಮುಳುಗಿರಬೇಕು, ತಳಕ್ಕೂ ಗೋಡೆಗೂ ತಾಗಬಾರದು.

ಮುಳುಗಿದ ವಸ್ತು ತಾನು ಸರಿಸಿದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೀಸದ ಸಾಂದ್ರತೆ ನೀರಿನ 11.3 ಪಟ್ಟು. ಬಟ್ಟೆ ಸೇರಿ ಗಾಳಿಯಲ್ಲಿ 1 ಕೆ.ಜಿ. ತೂಗುವ ಚಂಚಿ ನೀರಿನಲ್ಲಿ ಸುಮಾರು 880 ಗ್ರಾಂ ತೋರಿಸಬೇಕು. ಈ 880 ನನಗೆ ಜ್ವರದ ಥರ್ಮಾಮೀಟರಿನ 98.4 ಇದ್ದ ಹಾಗೆ. ಎಲ್ಲ ರೋಗವನ್ನೂ ಅದರಿಂದಲೇ ಲೆಕ್ಕ ಹಾಕುತ್ತೇನೆ.

ಗಾಳಿಯಲ್ಲೇ 1 ಕೆ.ಜಿ. ಇಲ್ಲ, 940 ಬಂತು ಅಂದರೆ ಗುಂಡು ಸೋರಿದೆ. ಹೊಲಿಗೆ ನೋಡಿ.

ಗಾಳಿಯಲ್ಲಿ 1 ಕೆ.ಜಿ., ನೀರಿನಲ್ಲಿ 850 ಇಲ್ಲವೇ ಅದಕ್ಕಿಂತ ಕಡಿಮೆ ಬಂತು ಎನ್ನಿ. ಚಂಚಿಯನ್ನು ನೀರೊಳಗೇ ಹಿಂಡಿ, ಹೊರಳಿಸಿ, ಮತ್ತೆ ತೂಗಿ. ಗುಳ್ಳೆ ಎದ್ದು ಅಂಕಿ ಮೇಲೇರಿದರೆ ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಗುಳ್ಳೆಯೂ ಇಲ್ಲ, ಅಂಕಿಯೂ ಅಲುಗಲಿಲ್ಲ ಅಂದರೆ ಎರಡರಲ್ಲಿ ಒಂದು: ಗಾಳಿ ಹೊರಬರಲಾಗದ ಪ್ಲಾಸ್ಟಿಕ್ ಒಳಗಿದೆ, ಇಲ್ಲವೇ ಒಳಗಿರುವುದು ಸೀಸವೇ ಅಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿಯಿರಿ. ಸೀಸ ಅಂಟುವುದಿಲ್ಲ, ಉಕ್ಕು ಅಂಟುತ್ತದೆ. ಉಕ್ಕಿನ ಗುಂಡಿನ ಚಂಚಿ 840ರ ಆಸುಪಾಸು ತೋರಿಸುತ್ತದೆ. 600 ಬಂದರೆ ಯಾರೋ ಮರಳು ತುಂಬಿದ್ದಾರೆ.

ಈ ಪರೀಕ್ಷೆಯನ್ನು ಕುಡಿಯುವ ನೀರಿನ ಹೌದಿನಲ್ಲೋ ಹೊಲದ ಬಾವಿಯಲ್ಲೋ ಮಾಡಬೇಡಿ. ಚಂಚಿ ಒಡೆದರೆ ಗುಂಡು ತಳ ಸೇರುತ್ತದೆ, ಆಮೇಲೆ ಆ ನೀರನ್ನು ಯಾರು ಕುಡಿಯುವುದು? ಬಕೆಟ್ಟನ್ನೂ ಅದಕ್ಕೇ ಮೀಸಲಿಡಿ. ಆ ನೀರು ದನದ ತೊಟ್ಟಿಗೂ ತುಳಸಿ ಗಿಡಕ್ಕೂ ಹೋಗಬಾರದು.

ಸೋರುವ ಚಂಚಿ

ಮೊದಲ ಕಂತಿನ ಆರು ಚಂಚಿಗಳಲ್ಲಿ ಮೂರು ಮೊದಲ ವರ್ಷವೇ ಬಾಯಿಬಿಟ್ಟವು. ದಾರ ಕೆಟ್ಟದ್ದು ಅಂತ ನಾನು ಕಾಕಾನ ಮೇಲೆ ರೇಗಿದೆ. ಅವರು ಕನ್ನಡಕ ಏರಿಸಿ, ಹರಿದ ಅಂಚನ್ನು ಬೆಳಕಿಗೆ ಹಿಡಿದು, ಬೆರಳ ತುದಿಯಿಂದ ಒಂದೊಂದೇ ಎಳೆ ಬಿಡಿಸಿ ತೋರಿಸಿದರು. “ದಾರಕ್ಕ ಯಾಕ ಬೈತೀರಿ? ದಾರ ಹಂಗೇ ಅದ ನೋಡ್ರಿ. ಅರಬಿ ಹರದದ.” ಅವತ್ತಿನಿಂದ ಸೋರಿದ ಚಂಚಿ ಬಂದರೆ ಹೊಲಿಗೆಯನ್ನು ಅವರ ಹಾಗೇ ಬೆಳಕಿಗೆ ಹಿಡಿದು ನೋಡುತ್ತೇನೆ. ಹರಿದ ಬಗೆಯೇ ಕಾರಣ ಹೇಳುತ್ತದೆ.

ದಾರ ಅಲ್ಲಲ್ಲಿ ತುಂಡಾಗಿ, ಉಗುರಿಂದ ಎಳೆದರೆ ಹತ್ತಿಯ ಹಾಗೆ ಬಿಚ್ಚಿಕೊಂಡು ಬಂದರೆ ಅದು ಹತ್ತಿ ದಾರವೇ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲದ ಬಾಯಿಗೆ ದಬ್ಬಣದಿಂದ ಹಾಕುವ ಸುತಳಿಯೂ ಇದೇ ಜಾತಿ. ತೊಗರಿಗೆ ಅದು ಸರಿ. ಉಪ್ಪುನೀರಿನಲ್ಲಿ ನೆನೆದು, ಒಣಗಿ, ಮತ್ತೆ ನೆನೆಯುವ ಚೀಲಕ್ಕೆ ಅಲ್ಲ. ಹತ್ತಿಯಾಗಲಿ ಸೆಣಬಾಗಲಿ ಕೊಳೆಯುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ದಪ್ಪ ದಾರ ಬೇಕು, ಸೀಟ್ ಹೊಲಿಯುವವರ ಹತ್ತಿರ ಅದೇ ಇರುತ್ತದೆ. ಅನುಮಾನ ಬಂದರೆ ಒಂದು ತುಂಡಿಗೆ ಕಡ್ಡಿ ಗೀರಿ ನೋಡಿ. ಹತ್ತಿ ಉರಿದು ಬೂದಿಯಾಗುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ.

ದಾರ ಗಟ್ಟಿಯಿದ್ದು, ಬಟ್ಟೆಯ ಅಂಚು ಜೂಲು ಜೂಲಾಗಿ ಹೊಲಿಗೆಯಿಂದಲೇ ಜಾರಿ ಹೊರಬಂದಿದ್ದರೆ ಅಂಚಿಗೆ ಬಟ್ಟೆ ಬಿಟ್ಟದ್ದು ಸಾಲದು. ನನ್ನ ಮೂರರಲ್ಲಿ ಎರಡರ ಕಥೆ ಇದೇ. ಗುಂಡು ಉಳಿಸುವ ಆಸೆಯಲ್ಲ, ಬಟ್ಟೆ ಉಳಿಸುವ ಆಸೆ: ಅರ್ಧ ಸೆಂಟಿಮೀಟರ್ ಬಿಟ್ಟು ಹೊಲಿಯಲು ನಾನೇ ಹೇಳಿದ್ದೆ. ಈಗ ಒಂದೂವರೆ ಸೆಂಟಿಮೀಟರ್ ಬಿಡಿಸುತ್ತೇನೆ, ನೈಲಾನ್ ಅಂಚನ್ನು ಮೊದಲು ಮೇಣದ ಬತ್ತಿಯ ಉರಿಗೆ ಸವರಿ ಎಳೆ ಬಿಡದಂತೆ ಮಾಡುತ್ತೇನೆ. ಆಮೇಲೆ ಒಮ್ಮೆ ಹೊಲಿದು, ಒಳಗು ಹೊರಗು ತಿರುಗಿಸಿ, ಅಂಚು ಒಳಗೆ ಸೇರುವ ಹಾಗೆ ಮತ್ತೊಮ್ಮೆ ಹೊಲಿಗೆ.

ಮೂರನೆಯದು ವಿಚಿತ್ರವಾಗಿತ್ತು. ದಾರವೂ ಸರಿ, ಅಂಚೂ ಸರಿ. ಹೊಲಿಗೆಯ ಗೆರೆಯ ಪಕ್ಕದಲ್ಲೇ ಬಟ್ಟೆ ಅಂಚೆಚೀಟಿ ಹರಿದ ಹಾಗೆ ನೇರವಾಗಿ ಹರಿದಿತ್ತು. ಟಾಕಿ, ಅಂದರೆ ಸೂಜಿ ಹಾಕುವ ಒಂದೊಂದು ಹೊಲಿಗೆ, ಬಹಳ ಒತ್ತೊತ್ತಾಗಿ ಬಿದ್ದದ್ದೇ ಕಾರಣ. ಗಟ್ಟಿ ಬರಲಿ ಅಂತ ಒಂದೇ ಗೆರೆಯ ಮೇಲೆ ನಾಲ್ಕು ಸಲ ಹೊಲಿಸಿದ್ದೆ. ಸೂಜಿ ಬಟ್ಟೆಯನ್ನು ಜಾಲರಿ ಮಾಡಿಬಿಟ್ಟಿತು. ಟಾಕಿ ಸುಮಾರು 3 ಮಿಲಿಮೀಟರ್ ಉದ್ದ ಇರಲಿ, ಎರಡು ಗೆರೆ ಬೇಕಾದರೆ ನಡುವೆ ಅಂತರ ಇರಲಿ.

ಹೊಲಿಗೆಯೆಲ್ಲ ನೆಟ್ಟಗಿದ್ದು ಮೂಲೆಯಲ್ಲೇ ತೂತು ಬಿದ್ದರೆ ಅದು ಸವೆತ. ಚಂಚಿ ನೆಲಕ್ಕೆ ಬಿದ್ದಾಗೆಲ್ಲ ಗುಂಡುಗಳೆಲ್ಲ ಮೂಲೆಗೇ ಹೋಗಿ ಗುದ್ದುತ್ತವೆ. ಮೂಲೆ ಚೂಪಾಗಿ ಬಿಡದೆ ದುಂಡಗೆ ಹೊಲಿಸಿ. ದೋಣಿಯ ಮೇಲೆ ಒಬ್ಬರಿಂದ ಒಬ್ಬರಿಗೆ ಎಸೆಯುವ ಅಭ್ಯಾಸ ಬಿಡಿ. 2 ಕೆ.ಜಿ.ಯ ಒಂದಕ್ಕಿಂತ 1 ಕೆ.ಜಿ.ಯ ಎರಡು ಹೆಚ್ಚು ಬಾಳುತ್ತವೆ.

ಇನ್ನೊಂದು ಶತ್ರು ನಮ್ಮ ಬಿಸಿಲು. ಮುರುಡೇಶ್ವರದಿಂದ ಬಂದು, ತೊಳೆದು, ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಒಣಹಾಕಿ ಮರೆತರೆ ನೈಲಾನ್ ಬಣ್ಣಗೆಟ್ಟು ಪಟಪಟನೆ ಸೀಳುತ್ತದೆ. 40 ಡಿಗ್ರಿ ದಾಟುವ ಊರು ನಮ್ಮದು. ಶಾಖಕ್ಕಿಂತ ಆ ನೇರ ಬಿಸಿಲೇ ಅದನ್ನು ತಿನ್ನುತ್ತದೆ. ನೆರಳಿನಲ್ಲಿ ಒಣಗಿಸಿ.

ತೇಲುವ ಚಂಚಿ

ಇದರಲ್ಲಿ ನನ್ನ ದೊಡ್ಡ ದಡ್ಡತನ ಇದೆ. ಬೂದು ಪುಡಿ ಹೊರಬರುತ್ತದೆ ಅಂತ ಹೆದರಿ, ಎರಡನೆಯ ಕಂತಿನಲ್ಲಿ ಗುಂಡುಗಳನ್ನು ಪಾಲಿಥೀನ್ ಕವರಿನಲ್ಲಿ ಕಟ್ಟಿ, ಆಮೇಲೆ ಬಟ್ಟೆ ಚಂಚಿಗೆ ಹಾಕಿದೆ. ನೋಡಲು ಅಚ್ಚುಕಟ್ಟು. ಆದರೆ ಗುಂಡು ಎಷ್ಟೇ ಸಣ್ಣದಿರಲಿ, ನಡುವೆ ಸಂದು ಉಳಿಯುತ್ತದೆ. ತುಂಬಿದ ಜಾಗದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬರೀ ಸಂದು. 1 ಕೆ.ಜಿ. ಚಂಚಿಯಲ್ಲಿ ಅದು 60 ಮಿಲಿಲೀಟರ್ ಹತ್ತಿರ. ಬಟ್ಟೆ ಚಂಚಿಯಲ್ಲಿ ಆ ಸಂದಿಗೆ ನೀರು ನುಗ್ಗುತ್ತದೆ. ಪಾಲಿಥೀನ್ ಕಟ್ಟಿದರೆ ಗಾಳಿ ಉಳಿಯುತ್ತದೆ. ಆರು ಚಂಚಿಗೆ 360 ಗ್ರಾಂ ತೂಕ ಸುಮ್ಮನೆ ಕೈಬಿಟ್ಟಿತು, ಕವರು ಸಡಿಲ ಕಟ್ಟಿದ್ದರೆ ಇನ್ನೂ ಹೆಚ್ಚು.

ಕಳೆದ ತೂಕಕ್ಕಿಂತ ಅದು ಕಳೆಯುವ ಕ್ರಮ ಕೆಟ್ಟದ್ದು. 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ, ಕವರಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಕೆಳಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಮೇಲೆ ಬರುವಾಗ ಅದು ಮತ್ತೆ ಉಬ್ಬುತ್ತದೆ. ಪೂರ್ತಿ ಮೇಲೆ ಬರುವ ಮುನ್ನ ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದ ಕಡೆ, ಅಂದರೆ ತೂಕ ಎಲ್ಲಕ್ಕಿಂತ ಹೆಚ್ಚು ಬೇಕಾದ ಕಡೆಯೇ, ಚಂಚಿ ಕೈಕೊಡುತ್ತದೆ. ನಾನು ಲಂಗರಿನ ಹಗ್ಗ ಹಿಡಿದು ಗಾಳಿಪಟದ ಹಾಗೆ ತೂಗಾಡಿದ್ದು ಜೊತೆಯವರಿಗೆ ಇನ್ನೂ ನೆನಪಿದೆ.

ಪ್ಲಾಸ್ಟಿಕ್ ತೆಗೆಯಿರಿ. ನೀರು ಹೊಕ್ಕು ಹೊರಡಲು ದಾರಿ ಬಿಡಿ. ಬಟ್ಟೆಗೆ ರಬ್ಬರ್ ಲೇಪ ಇದ್ದರೆ ಅದೂ ಗಾಳಿ ಹಿಡಿಯುತ್ತದೆ, ರೆಕ್ಸಿನ್ ಕೂಡ ಹಾಗೇ. ಅಂಥ ಬಟ್ಟೆಯೇ ಗತಿ ಎಂದಾದರೆ ಎರಡೂ ತುದಿಗೆ ಹಿತ್ತಾಳೆಯ ಐಲೆಟ್ ಹೊಡೆಸಿ, ಒಳಗಡೆಯಿಂದ ಗುಂಡು ಹಾಯದಷ್ಟು ಸಣ್ಣ ಕಣ್ಣಿನ ನೈಲಾನ್ ಜಾಲರಿ ಹಚ್ಚಿಸಿ. ಒಂದೇ ತುದಿಗೆ ಹೊಡೆಸಿದರೆ ನೀರು ಒಳಗೆ ಬರುವಾಗ ಗಾಳಿಗೆ ಹೋಗಲು ದಾರಿ ಸಿಗುವುದಿಲ್ಲ.

ಸೀಸ ತುಟ್ಟಿ ಅಂತ ಬೇರೆ ಏನೇನೋ ತುಂಬುವವರಿದ್ದಾರೆ. ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಹಾಕಿದ ಒಬ್ಬರ ಚಂಚಿ ಎರಡು ತಿಂಗಳಲ್ಲಿ ಕಂದು ಕಲೆ ಹತ್ತಿ, ಒಳಗೆ ಗುಂಡುಗಳೆಲ್ಲ ತುಕ್ಕಿನಿಂದ ಅಂಟಿಕೊಂಡು ಬೆಲ್ಲದ ಪೆಂಟೆಯಾಗಿತ್ತು. ಮೆತ್ತನೆಯ ತೂಕ ಎಂಬ ಹೆಸರಿಗೇ ಅವಮಾನ. ಬೀದರಿನ ಗೆಳೆಯ ಸತುವಿನ ಚೂರು ತಂದುಕೊಟ್ಟ. ಬಿದರಿ ಸಾಮಾನಿನ ಎರಕದಲ್ಲಿ ಬಹುಪಾಲು ಸತುವೇ, ಹಾಗಾಗಿ ಅವನ ಊರಲ್ಲಿ ಅದು ಅಪರೂಪವಲ್ಲ. ಆದರೆ ಸಮುದ್ರದ ನೀರು ಸತುವನ್ನು ತಿನ್ನುತ್ತದೆ. ಹಡಗಿನ ಉಕ್ಕು ಉಳಿಯಲಿ ಅಂತ ಅದರ ತಳಕ್ಕೆ ಸತುವಿನ ತುಂಡು ಬಡಿಯುವುದು ಇದೇ ಕಾರಣಕ್ಕೆ. ಪಕ್ಕದ ಮನೆಯ ಮಾಮಾ ಮಾತ್ರ ಸೀದಾ ಹೇಳಿದರು: “ಶಹಾಬಾದಿ ಫರಸಿ ತುಂಡು ಹಾಕ್ರಿ, ಪುಕ್ಕಟೆ ಸಿಗ್ತಾವ.” ಲೆಕ್ಕ ಹಾಕಿ ನೋಡಿದೆ. ಆ ಫರಸಿ ಸುಣ್ಣಕಲ್ಲು, ಅದರ ಸಾಂದ್ರತೆ ನೀರಿನ 2.7 ಪಟ್ಟಿನ ಸುತ್ತ. 6 ಕೆ.ಜಿ. ಸೀಸದ ಕೆಲಸಕ್ಕೆ ಹತ್ತಿರಹತ್ತಿರ 9 ಕೆ.ಜಿ. ಫರಸಿ ಬೇಕು, ಗಾತ್ರವಂತೂ ಆರು ಪಟ್ಟು ಮೀರುತ್ತದೆ. ಮಾಮಾನಿಗೆ ಹೇಳಲಿಲ್ಲ.

ಕೈಗೆ ಬೂದು, ನೀರಿಗೆ ಬೂದು

ಹೊಸ ಗುಂಡಿಗೆ ಕೆಲವು ಸಲ ಗ್ರಾಫೈಟ್ ಸವರಿರುತ್ತಾರೆ, ಕೈ ಕಪ್ಪಾಗುತ್ತದೆ. ಹಳೆಯ ಚಂಚಿ ಹಿಂಡಿದಾಗ ಬರುವ ಬೂದು ನೀರು ಗುಂಡು ಗುಂಡಿಗೆ ಉಜ್ಜಿ ಆದ ಸೀಸದ ಪುಡಿ. ಕಣ್ಣಿಗೆ ಎರಡೂ ಒಂದೇ, ಹಾಗಾಗಿ ಎರಡನ್ನೂ ಸೀಸ ಅಂತಲೇ ತಿಳಿಯಿರಿ. ಚಂಚಿ ಸಡಿಲ ತುಂಬಿದಷ್ಟೂ ಉಜ್ಜಾಟ ಜಾಸ್ತಿ. ಜಾಲರಿ ಬಟ್ಟೆಗಿಂತ ಒತ್ತು ನೇಯ್ಗೆಯ ಬಟ್ಟೆ ಪುಡಿಯನ್ನು ಹೆಚ್ಚು ತಡೆಯುತ್ತದೆ. ಮನೆಯ ವಾಷಿಂಗ್ ಮಷೀನಿಗೆ ಮಾತ್ರ ಹಾಕಬೇಡಿ. ನನ್ನ ಚಂಚಿಗಳು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪ್ರಯಾಣ ಮಾಡುತ್ತವೆ, ಊಟದ ಬುತ್ತಿಯ ಚೀಲದಲ್ಲಿ ಅಲ್ಲ.

ಸಿಕ್ಕಿಕೊಳ್ಳುವ ಚಂಚಿ

ಇದು ಜೀವದ ಪ್ರಶ್ನೆ. ಮುಳುಗುವಾಗ ತೊಡುವ, ಗಾಳಿ ತುಂಬುವ ಜಾಕೆಟ್ಟಿನ ಜೇಬಿನಿಂದ ತೂಕವನ್ನು ಒಂದೇ ಕೈಯಲ್ಲಿ ಎಳೆದು ಬಿಸಾಡಲು ಬರಬೇಕು. ಆಪತ್ತಿನಲ್ಲಿ ನೀರ ಮೇಲೆ ತೇಲಿ ಉಳಿಯುವ ದಾರಿ ಅದೇ. ಅಂಗಡಿಯ ಚಂಚಿಗಿಂತ ಮನೆಯದು ದಪ್ಪ ಇರುವುದೇ ಹೆಚ್ಚು. ಒಣಗಿದ್ದಾಗ ಸಲೀಸಾಗಿ ಬರುವುದು ನೆನೆದ ಮೇಲೆ ಬಟ್ಟೆಗೆ ಬಟ್ಟೆ ಅಂಟಿ ನಿಂತುಬಿಡಬಹುದು. ಆದ್ದರಿಂದ ಒದ್ದೆ ಮಾಡಿಯೇ ಪರೀಕ್ಷಿಸಿ. ಜಾಕೆಟ್ಟನ್ನು ನಿಲ್ಲಿಸಿ, ಮಲಗಿಸಿ, ಓರೆ ಹಿಡಿದು, ಹತ್ತು ಸಲ ಎಳೆಯಿರಿ. ಹತ್ತರಲ್ಲಿ ಒಮ್ಮೆ ತಡೆದರೂ ಆ ಚಂಚಿ ಆ ಜೇಬಿಗೆ ಬೇಡ.

ತಡೆಯಲು ಕಾರಣ ಸಾಮಾನ್ಯವಾಗಿ ಅತಿ ತುಂಬಿದ್ದು. ಬಾಯಿಯವರೆಗೆ ತುಂಬಿದ ಚಂಚಿ ಇಟ್ಟಿಗೆಯ ಹಾಗೆ ಬಿಗಿಯುತ್ತದೆ, ಬಾಗುವುದೇ ಇಲ್ಲ. ಮುಕ್ಕಾಲು ಪಾಲು ತುಂಬಿ. ಅದಕ್ಕಿಂತ ಕಡಿಮೆಯಾದರೆ ಗುಂಡೆಲ್ಲ ಒಂದೇ ಕಡೆ ಹರಿದು ಜೋಲಿ ಬೀಳುತ್ತದೆ, ಈಜುವಾಗ ಮೈ ಒಂದು ಮಗ್ಗುಲಿಗೆ ವಾಲುತ್ತದೆ. ಉದ್ದನೆಯ ಚಂಚಿಗೆ ನಡುವೆ ಒಂದು ಅಡ್ಡ ಹೊಲಿಗೆ ಹಾಕಿಸಿ ಎರಡು ಕೋಣೆ ಮಾಡಿದರೆ ಹರಿದಾಟ ನಿಲ್ಲುತ್ತದೆ. ಎಡಕ್ಕೂ ಬಲಕ್ಕೂ ಒಂದೇ ತೂಕ ಇದೆಯೇ ಅಂತ ಮೊದಲು ನೋಡಿ. ನಮ್ಮಲ್ಲಿ ಎರಡು ಸಲ ಕಾರಣ ಅಷ್ಟೇ ಆಗಿತ್ತು.

ಚಂಚಿಯದ್ದಲ್ಲದ ತಪ್ಪು

ತಕ್ಕಡಿ 880 ತೋರಿಸಿತು, ಹೊಲಿಗೆ ಸರಿ, ಆದರೂ ತೇಲುತ್ತೇನೆ ಎನ್ನುವವರಿಗೆ ಎರಡು ಪ್ರಶ್ನೆ.

ಈಜುಕೊಳದಲ್ಲಿ ಸರಿಹೋದ ತೂಕವನ್ನೇ ಸಮುದ್ರಕ್ಕೆ ಒಯ್ದಿರಾ? ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಭಾರ. ಮೈ, ಸಿಲಿಂಡರು, ಸಾಮಾನು ಎಲ್ಲ ಸೇರಿ 85 ಕೆ.ಜಿ. ಆದರೆ ಅಲ್ಲಿ ಹೆಚ್ಚುಕಡಿಮೆ 2 ಕೆ.ಜಿ. ಹೆಚ್ಚಿಗೆ ಬೇಕು. ಕೊಳದಲ್ಲಿ ಬರೀ ಚಡ್ಡಿ, ಸಮುದ್ರದಲ್ಲಿ ವೆಟ್‌ಸೂಟ್ ಆದರೆ ಅದರ ಸ್ಪಂಜಿನಂಥ ರಬ್ಬರಿಗೂ ಬೇರೆ ತೂಕ ಸೇರಿಸಬೇಕು.

ಮೊದಲು ಸರಿಯಿದ್ದು ಕೊನೆಗೆ ತೇಲಿದಿರಾ? ಗಾಳಿಗೂ ತೂಕ ಇದೆ. 11 ಲೀಟರಿನ ಸಿಲಿಂಡರಿನ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿಯುವಷ್ಟರಲ್ಲಿ ನೀವು ಸುಮಾರು 2 ಕೆ.ಜಿ. ಗಾಳಿ ಉಸಿರಾಡಿ ಬಿಟ್ಟಿರುತ್ತೀರಿ. ಚಂಚಿಯಲ್ಲಿ ಒಂದು ಗುಂಡೂ ಕಳೆದಿರುವುದಿಲ್ಲ. ತೂಕ ಗೊತ್ತುಮಾಡುವಾಗ ಸಿಲಿಂಡರಿನಲ್ಲಿ 50 ಬಾರ್ ಮಾತ್ರ ಇಟ್ಟು, ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಸಾಮಾನ್ಯ ಉಸಿರು ಹಿಡಿದಾಗ ಕಣ್ಣಿನ ಮಟ್ಟಕ್ಕೆ ನೀರು ಬರುತ್ತದೆಯೇ ನೋಡುವುದು ಇದಕ್ಕೇ. ಇದನ್ನು ಅಲ್ಲಿನ ಬೋಧಕರ ಮುಂದೆಯೇ ಮಾಡಿ, ಮನೆ ಚಂಚಿ ಅಂತ ಮುಚ್ಚಿಡದೆ ಅವರ ಕೈಗೆ ಕೊಟ್ಟು ತೋರಿಸಿ. ಬೇಡ ಅಂದರೆ ಅವರ ಗಟ್ಟಿಯನ್ನೇ ಕಟ್ಟಿಕೊಳ್ಳಿ, ಸೊಂಟ ನೋಯಲಿ.

ಈಗ ನನ್ನ ಹತ್ತಿರ ಎಂಟು ಇವೆ. ಪ್ರತಿಯೊಂದಕ್ಕೂ ಕಾಕಾ ಬಿಳಿ ದಾರದಲ್ಲಿ ಒಂದೊಂದು ಅಂಕಿ ಹೊಲಿದಿದ್ದಾರೆ, ಪ್ರವಾಸದಿಂದ ಬಂದಾಗಲೆಲ್ಲ ಎರಡೂ ತೂಕ ಬರೆದಿಡುತ್ತೇನೆ. 5ನೆಯದು ಹೋದ ಸಲ ನೀರಿನಲ್ಲಿ 870 ತೋರಿಸಿತು. ಗಾಳಿಯಲ್ಲಿ ಸರಿಯಿದೆ, ಹಿಂಡಿದರೆ ಗುಳ್ಳೆ ಇಲ್ಲ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ಕಾಕಾನಿಗೆ ಹೇಳಿದರೆ, “ಹತ್ತು ಗ್ರಾಂ ಸಲುವಾಗಿ ಛಲೋ ಹೊಲಿಗಿ ಯಾಕ ಬಿಚ್ಚಲತ್ತೀರಿ?” ಅಂದರು. ಬಿಚ್ಚಿಲ್ಲ.